ತಗಡಿನ ಲೆಕ್ಕ ಯಾರ ತಲೆಯ ಮೇಲೆ?

ಒಲೆಯ ಮೇಲೆ ತೂಗುವ ಹೊಗೆಯ ಹುಡ್ಡನ್ನು ನೋಡದ ಹೋಟೆಲ್ ಕಾರ್ಮಿಕನಿಲ್ಲ. ಕೆಳಗೆ ಅಗಲವಾದ ಚೌಕ ಬಾಯಿ, ಮೇಲೆ ಫ್ಯಾನಿಗೆ ಸೇರುವ ಗುಂಡನೆಯ ಕೊಳವೆ. ಗಿರಣಿಯಲ್ಲಿ ದುಡಿದ ಹಿರಿಯರಿಗೂ ಗಾಳಿ ಮತ್ತು ಹತ್ತಿಯ ದೂಳು ಸಾಗುವ ತಗಡಿನ ನಾಳಗಳು ಹೊಸವಲ್ಲ. ಆದರೆ ಚೌಕವು ಗುಂಡಾಗುವ ಆ ನಡುವಿನ ತುಂಡು ಹೇಗಾಯಿತೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಅಂಗಡಿಯಿಂದ ಬರುವುದು ಚಪ್ಪಟೆ ತಗಡು. ಅದರ ಮೇಲೆ ಗೆರೆ ಎಳೆದು, ಕತ್ತರಿಸಿ, ಮಡಿಸಿದಾಗ ಬಾಯಿಗೆ ಬಾಯಿ ಸರಿಯಾಗಿ ಕೂಡಬೇಕು. ಕೂಡದಿದ್ದರೆ ತಗಡೂ ದಂಡ, ದುಡಿಮೆಯೂ ದಂಡ.

ಈ ಗೆರೆ ಎಳೆಯುವ ವಿದ್ಯೆ ಹಿಂದೆ ಮೇಸ್ತ್ರಿಯ ಕೈಯಲ್ಲಿತ್ತು. ಇಂದು ಅದರ ಬಹುಪಾಲು ಕಂಪ್ಯೂಟರಿನ ಕ್ಯಾಡ್ ಪ್ರೋಗ್ರಾಮಿಗೆ ದಾಟಿದೆ. ಪರದೆಯ ಮೇಲೆ ಆಕಾರವನ್ನು ಬರೆದು ಒಂದು ಗುಂಡಿ ಒತ್ತಿದರೆ ಅದು ಬಿಚ್ಚಿ ಚಪ್ಪಟೆಯಾಗಿ ಮಲಗುತ್ತದೆ; ಆ ನಕ್ಷೆಯಂತೆ ಲೇಸರ್ ಯಂತ್ರ ಕತ್ತರಿಸುತ್ತದೆ; ಕಾರ್ಮಿಕನು ಮಡಿಸುತ್ತಾನೆ. ನಮ್ಮ ಬಂಧುಗಳ ಮಕ್ಕಳು ಅನೇಕರು ಇಂಥ ವರ್ಕ್‌ಶಾಪುಗಳಲ್ಲಿದ್ದಾರೆ. ತುಂಡು ಕೂಡದಿದ್ದಾಗ ಅವರ ಕಿವಿಗೆ ಬೀಳುವ ಮಾತು ಒಂದೇ: “ಕಂಪ್ಯೂಟರ್ ತಪ್ಪುವುದಿಲ್ಲ, ಮಡಿಸಿದವನೇ ತಪ್ಪಿದ್ದಾನೆ.” ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಈ ಸಲ ಪರೀಕ್ಷಿಸೋಣ.

ಅಡಿಗೆಮನೆಯಿಂದಲೇ ಆರಂಭಿಸೋಣ. ಸುರುಳಿ ಸುತ್ತಿದ ದೋಸೆಯನ್ನು ಬಿಚ್ಚಿದರೆ ಅದು ಹರಿಯದೆ ತಟ್ಟೆಯಗಲ ಚಪ್ಪಟೆಯಾಗುತ್ತದೆ. ಕಡಲೆಯ ಪೊಟ್ಟಣವನ್ನು ಬಿಚ್ಚಿದರೂ ಹಾಗೆಯೇ. ಆದರೆ ಉಬ್ಬಿದ ಪೂರಿಯನ್ನು ಅಂಗೈಯಿಂದ ಒತ್ತಿ ನೋಡಿರಿ. ಒಂದೋ ಸುಕ್ಕಾಗುತ್ತದೆ, ಇಲ್ಲವೆ ಹರಿಯುತ್ತದೆ. ದೋಸೆಯ ಸುರುಳಿ ಒಂದೇ ದಿಕ್ಕಿಗೆ ಬಾಗಿದೆ; ಪೂರಿ ಎರಡು ದಿಕ್ಕಿಗೂ ಬಾಗಿದೆ. ವ್ಯತ್ಯಾಸವೆಲ್ಲ ಇಷ್ಟೇ. ಯಾವ ಮೈಯನ್ನು ಚಪ್ಪಟೆಯಾಗಿ ಬಿಚ್ಚಬಹುದೆಂಬುದನ್ನು ಆಯ್ಲರನೆಂಬ ಗಣಿತಜ್ಞನು 1772ರಲ್ಲಿಯೇ ವಿವೇಚಿಸಿದ್ದನು. ಎರಡು ದಿಕ್ಕಿಗೂ ಬಾಗಿದ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದೆಂಬುದು ಜರ್ಮನಿಯ ಗೌಸನು 1827ರಲ್ಲಿ ಸಾಧಿಸಿದ ಸಿದ್ಧಾಂತದಿಂದ ತಿಳಿಯಿತು. ಯಾವ ಕಂಪೆನಿಯ ಕಂಪ್ಯೂಟರೂ ಈ ನಿಯಮವನ್ನು ಮೀರಲಾರದು.

ಹುಡ್ಡಿನ ಆ ನಡುವಿನ ತುಂಡನ್ನು ಮೇಸ್ತ್ರಿ ಹೇಗೆ ಗೆದ್ದನು? ಚೌಕದ ನಾಲ್ಕು ಬದಿಗೆ ನಾಲ್ಕು ಚಪ್ಪಟೆ ತ್ರಿಕೋನ, ನಾಲ್ಕು ಮೂಲೆಗೆ ಪೊಟ್ಟಣದಂತೆ ಬಾಗುವ ನಾಲ್ಕು ಭಾಗ. ಈ ಮೂಲೆಯ ಭಾಗಗಳನ್ನೂ ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿಯೊಂದು ಗೆರೆಯ ನಿಜವಾದ ಉದ್ದವನ್ನು ಕಂಡುಕೊಂಡು, ಕಂಪಾಸಿನಿಂದ ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ ತಗಡಿನ ನಕ್ಷೆ ಸಿದ್ಧ. ಕ್ಯಾಡ್ ಪ್ರೋಗ್ರಾಮು ಮಾಡುವುದೂ ಇದೇ ಜಾತಿಯ ಕೆಲಸ. ಮೂಲೆಗೆ ಎಷ್ಟು ಮಡಿಕೆಯ ಗೆರೆ ಬೇಕೆಂದು ಅದು ಕೇಳುತ್ತದೆ, ಬಿಚ್ಚಲು ಒಂದು ಕಡೆ ಸೀಳು ಬೇಕೆನ್ನುತ್ತದೆ. ಮೇಸ್ತ್ರಿಗೆ ಅರ್ಧ ದಿನ ಹಿಡಿಯುತ್ತಿದ್ದುದನ್ನು ಚಣದಲ್ಲಿ ಮುಗಿಸುತ್ತದೆ. ಇದು ಒಳ್ಳೆಯದೇ, ಯಂತ್ರದೊಡನೆ ನಮಗೆ ಹಗೆಯಿಲ್ಲ.

ತೊಡಕು ಬರುವುದು ಆಕಾರಗಳು ಒಂದಕ್ಕೊಂದು ನುಣುಪಾಗಿ ಬೆರೆತಾಗ. ಗಿರಾಕಿಗೆ ಚೂಪು ಮೂಲೆ ಬೇಡ. ಎರಡು ಬದಿಗಳೂ ಛಾವಣಿಯೂ ಕೂಡುವಲ್ಲಿ ನೀರಿನಂತೆ ಹರಿದ ಬಾಗು ಬೇಕು. ಆಗ ಆ ಮೂಲೆ ದೋಸೆಯಾಗಿ ಉಳಿಯುವುದಿಲ್ಲ, ಪೂರಿಯಾಗುತ್ತದೆ. ಕೆಲವು ಪ್ರೋಗ್ರಾಮುಗಳು “ಬಿಚ್ಚಲಾಗದು” ಎಂದು ನೇರವಾಗಿ ಹೇಳಿಬಿಡುತ್ತವೆ. ಕೆಲವು ಮೈಯನ್ನು ಸಾವಿರಾರು ಚಿಕ್ಕ ತ್ರಿಕೋನಗಳಾಗಿ ಒಡೆದು, ಎಲ್ಲಿ ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು ಎಂಬುದನ್ನು ಬಣ್ಣದಿಂದ ತೋರಿಸಿ, ಒಂದು ಅಂದಾಜಿನ ನಕ್ಷೆಯನ್ನು ಕೊಡುತ್ತವೆ. ಆ ಬಣ್ಣವನ್ನು ಓದಬೇಕು. ಬರಿಯ ಮಡಿಸುವ ಯಂತ್ರದಿಂದ ತಗಡು ಹಾಗೆ ಹಿಗ್ಗಲಾರದು. ಅಚ್ಚಿನಲ್ಲಿ ಒತ್ತಬೇಕು, ಇಲ್ಲವೆ ಬಡಿದು ಎಬ್ಬಿಸಬೇಕು, ಇಲ್ಲವೆ ತುಂಡು ಮಾಡಿ ಬೆಸೆಯಬೇಕು. ಅಂದಾಜಿನ ನಕ್ಷೆಯನ್ನು ಖಚಿತವೆಂದು ಕೊಟ್ಟು, ಕೂಡಲಿಲ್ಲವೆಂದು ಕಾರ್ಮಿಕನನ್ನು ಗದರಿಸುವುದು ನ್ಯಾಯವಲ್ಲ.

ಸುಲಭವಾದ ಮಡಿಕೆಯಲ್ಲಿಯೂ ಒಂದು ಗುಟ್ಟಿದೆ. ತಗಡನ್ನು ಮಡಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ಪದರವೊಂದಿದೆ. ಅದು ಒಳಮೈಯಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎಂಬ ಅಂಕಿಗೆ ಕೆ-ಫ್ಯಾಕ್ಟರ್ ಎನ್ನುತ್ತಾರೆ. ಇದು ಹೆಚ್ಚಾಗಿ 0.3ರಿಂದ 0.5ರ ನಡುವೆ ಇರುತ್ತದೆ. 2 ಮಿ.ಮೀ. ದಪ್ಪದ ತಗಡನ್ನು 3 ಮಿ.ಮೀ. ಒಳ ತ್ರಿಜ್ಯದಲ್ಲಿ 90 ಡಿಗ್ರಿ ಮಡಿಸುವಾಗ, ಈ ಅಂಕಿ 0.4 ಆದರೆ ಬಾಗಿಗೆ 5.97 ಮಿ.ಮೀ. ತಗಡು ಬೇಕು, 0.5 ಎಂದು ಬರೆದರೆ 6.28. ಒಂದು ಮಡಿಕೆಗೆ 0.31 ವ್ಯತ್ಯಾಸ, ನಾಲ್ಕು ಮಡಿಕೆಯಾಗುವಷ್ಟರಲ್ಲಿ ಒಂದೂಕಾಲು ಮಿಲಿಮೀಟರು. ಮಡಿಸುವವನು ಎಷ್ಟು ಜಾಣನಾದರೂ ಇದನ್ನು ಮುಚ್ಚಲಾರನು. ಏಕೆಂದರೆ ತಪ್ಪು ಆಗಿರುವುದು ಕಾಗದದಲ್ಲಿ.

ಕಂಪ್ಯೂಟರಿಗೆ ಈ ಅಂಕಿ ತಾನಾಗಿ ತಿಳಿಯದು, ಯಾರೋ ಬರೆಯಬೇಕು. ಸರಿಯಾದ ಅಂಕಿ ಸಿಗುವುದು ವರ್ಕ್‌ಶಾಪಿನಲ್ಲೇ. ಅದೇ ತಗಡಿನ 100 ಮಿ.ಮೀ. ಪಟ್ಟಿಯನ್ನು ಅದೇ ಯಂತ್ರದಲ್ಲಿ 90 ಡಿಗ್ರಿ ಮಡಿಸಿ, ಎರಡು ಕೈಗಳನ್ನೂ ಹೊರಗಿನಿಂದ ಅಳೆಯಿರಿ. ಕೂಡಿಸಿದಾಗ 104 ಬಂದರೆ, ಪ್ರತಿ ಮಡಿಕೆಗೂ 4 ಮಿ.ಮೀ. ಕಳೆಯಬೇಕೆಂದು ಅರ್ಥ. ಐದು ನಿಮಿಷದ ಈ ಪರೀಕ್ಷೆ ಇಡೀ ತಗಡನ್ನು ಉಳಿಸುತ್ತದೆ. ಇದನ್ನು ಮಾಡಬಲ್ಲವನು ಮಡಿಸುವ ಕಾರ್ಮಿಕನೇ. ಎಂದ ಮೇಲೆ ಕಂಪ್ಯೂಟರಿನ ಲೆಕ್ಕಕ್ಕೂ ಅಡಿಪಾಯ ಅವನ ಕೈಯ ಅನುಭವವೇ.

ಆದುದರಿಂದ ಈ ಕಸುಬಿನ ನಮ್ಮ ತರುಣರು ಮೂರು ವಿಷಯಗಳನ್ನು ಕೇಳಬೇಕು. ಪ್ರತಿ ನಕ್ಷೆಯ ಮೇಲೂ ದಪ್ಪ, ಒಳ ತ್ರಿಜ್ಯ, ಕೆ-ಫ್ಯಾಕ್ಟರ್ ಬರೆದಿರಬೇಕು. ಹೊಸ ತಗಡು ಬಂದಾಗ ಪರೀಕ್ಷೆಯ ಪಟ್ಟಿ ಮಡಿಸಲು ಸಮಯ ಕೊಡಬೇಕು. ಅಂದಾಜಿನ ನಕ್ಷೆಯಾದರೆ ಅಂದಾಜೆಂದು ಹೇಳಬೇಕು. ಇನ್ನು ನಷ್ಟವನ್ನು ಸಂಬಳದಿಂದ ಮುರಿಯುವ ವಿಚಾರ. ನಷ್ಟವು ಕಾರ್ಮಿಕನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು ಎಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಉಂಟು. ಪರೀಕ್ಷೆಯ ಪಟ್ಟಿಯನ್ನು ಎಸೆಯದೆ, ತಾರೀಖು ಬರೆದು ಇಟ್ಟುಕೊಳ್ಳಿರಿ. ಅದೇ ನಿಮ್ಮ ಸಾಕ್ಷಿ.

ಕೇಳುವುದರ ಜೊತೆಗೆ ಕಲಿಯಲೂ ಬೇಕು. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಮಹಾ ಮುಷ್ಕರ ಆರಂಭವಾಯಿತು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಆಟೋಕ್ಯಾಡ್ ಎಂಬ ನಕ್ಷೆಯ ಪ್ರೋಗ್ರಾಮು ಹೊರಬಿದ್ದಿತು. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಆದರೆ ಬಾಗಿಲು ಮುಚ್ಚಿದ ಗಿರಣಿಗಳ ಕಾರ್ಮಿಕರ ಮೊಮ್ಮಕ್ಕಳಿಗೆ ಇಂದು ಇಂಥ ಪ್ರೋಗ್ರಾಮುಗಳೇ ಅನ್ನದ ದಾರಿಯಾಗಬಲ್ಲವು. ಐ.ಟಿ.ಐ.ಗಳಲ್ಲಿ ಶೀಟ್ ಮೆಟಲ್ ವರ್ಕರ್ ಎಂಬ ಟ್ರೇಡ್ ಇದೆ. ಫ್ರೀಕ್ಯಾಡ್ ಎಂಬ ಪ್ರೋಗ್ರಾಮು ಹಣವಿಲ್ಲದೆ ಸಿಗುತ್ತದೆ. ತಗಡಿನ ಕೆಲಸಕ್ಕೆ ಅದರೊಡನೆ ಸೇರಿಸಿಕೊಳ್ಳುವ ಭಾಗಕ್ಕೂ ಹಣವಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕನ್ನಡಿಗರ ಊರು ಇದು. ಅವರಿಗೆ ಇದೇನು ದೊಡ್ಡದಲ್ಲ.

ಮೊದಲು ರಟ್ಟಿನ ಮೇಲೆ ಕಂಪಾಸು ಹಿಡಿದು ಚೌಕದಿಂದ ಗುಂಡಿಗೆ ಒಂದು ತುಂಡನ್ನು ಬಿಚ್ಚಿರಿ. ಕತ್ತರಿಸಿ ಮಡಿಸಿ ನೋಡಿರಿ. ಅನಂತರ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿರಿ. ಎರಡನ್ನೂ ಬಲ್ಲ ಕಾರ್ಮಿಕನಿಗೆ “ಕಂಪ್ಯೂಟರ್ ತಪ್ಪುವುದಿಲ್ಲ” ಎಂದು ಹೇಳಲು ಯಾವ ಮಾಲಿಕನೂ ಎರಡು ಸಲ ಯೋಚಿಸುವನು.