ಬೆಳೆ ಕಾಯುವ ಕೋವಿ: ದಯೆಯಲ್ಲ, ಕಾಯಿದೆ ಕೊಟ್ಟ ಅವಕಾಶ



ತಳಿ, ಅಂತರ, ಮೇಲುಗೊಬ್ಬರಗಳ ಬಗ್ಗೆ ಬರೆಯಬೇಕಾದ ಬೇಸಾಯ ಶಾಸ್ತ್ರಜ್ಞ ಕೋವಿಯ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಹಾಲುಗಾಳಿನ ಹಂತದಲ್ಲಿರುವ ಮುಸುಕಿನ ಜೋಳದ ಹೊಲಕ್ಕೆ ಒಂದೇ ಒಂದು ರಾತ್ರಿ ಕಾಡುಹಂದಿಯ ಹಿಂಡು ನುಗ್ಗಿದರೆ ನಮ್ಮ ಶಿಫಾರಸುಗಳೆಲ್ಲವೂ ಮಣ್ಣುಪಾಲಾಗುತ್ತವೆ. ಕಾಡಂಚಿನ ಊರುಗಳಲ್ಲಿ ಕ್ಷೇತ್ರೋತ್ಸವಕ್ಕೆ ಹೋದಾಗ ಗೊಬ್ಬರದ ಪ್ರಶ್ನೆಗಿಂತ ಮೊದಲು ಬರುವುದು ಕೋವಿಯ ಲೈಸೆನ್ಸಿನ ಪ್ರಶ್ನೆ. ಹಾಗೆ ಕೇಳುವವರಲ್ಲಿ ಬಹುಮಂದಿ ಅದನ್ನು ಸಾಹೇಬರು ಮನಸ್ಸು ಮಾಡಿದರೆ ಸಿಗುವ ಒಂದು ಉಪಕಾರವೆಂದು ತಿಳಿದಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ ಎಂಬುದೇ ನಾನಿಲ್ಲಿ ಹೇಳಹೊರಟಿರುವ ಮಾತು.

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಪ್ರಕರಣವನ್ನು ನೋಡಿ. ನಿಜವಾದ ಬೆಳೆ ರಕ್ಷಣೆಗಾಗಿ ಭಾರತದ ಪ್ರಜೆಯೊಬ್ಬ ಬಾಯಿಯ ಕಡೆಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕಡೆ ಕೇಪಿನ ಕೋವಿ ಎನ್ನುತ್ತೇವಲ್ಲ ಅದನ್ನು, ಕೇಳಿದರೆ ಪರವಾನಗಿ 'ಕೊಡತಕ್ಕದ್ದು' ಎಂದು ಅಲ್ಲಿದೆ, 'ಕೊಡಬಹುದು' ಎಂದಲ್ಲ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಹಾಕುವ ಕೋವಿಗೂ ಪರವಾನಗಿ ಕೊಡಬಹುದು. ಆದರೆ ಅದರ ನಳಿಗೆಯ ಒಳಮೈ ನುಣುಪಾಗಿರಬೇಕು, ಉದ್ದ 20 ಅಂಗುಲಕ್ಕೆ, ಅಂದರೆ ಸುಮಾರು 51 ಸೆಂಟಿಮೀಟರಿಗೆ, ಕಡಿಮೆ ಇರಬಾರದು. ಒಂಟಿ ನಳಿಗೆಯದೂ ಜೋಡುನಳಿಗೆಯದೂ ಸಾಮಾನ್ಯವಾಗಿ ಈ ಅಳತೆಗೆ ಮೀರಿಯೇ ಇರುತ್ತವೆ.

ಈ 20 ಅಂಗುಲದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಡ್ಡ ನಳಿಗೆಯ ರೈಫಲ್ ಹಿಡಿಯಲು ಹಗುರ, ಅಟ್ಟಣಿಗೆಯ ಮೇಲೆ ತಿರುಗಿಸಲು ಸುಲಭ, ಅದನ್ನೇ ಕೊಡಿಸಿ ಎಂದು ಈಚೆಗೆ ಕೆಲವು ಯುವಕರು ಕೇಳುತ್ತಿದ್ದಾರೆ. ರೈಫಲ್ ಎಂದು ಅರ್ಜಿಯಲ್ಲಿ ಬರೆದ ಕ್ಷಣವೇ ನೀವು 'ಕೊಡತಕ್ಕದ್ದು' ಎಂಬ ಸಾಲಿನಿಂದ ಹೊರಗೆ ಬಂದಿರಿ. ಆಮೇಲೆ ತಕ್ಕ ಕಾರಣವಿದೆಯೇ ಎಂದು ತೀರ್ಮಾನಿಸುವುದು ಅಧಿಕಾರಿಯ ವಿವೇಚನೆ. ಉದ್ದ ನಳಿಗೆಯ ಕೋವಿಯನ್ನು ಬಟ್ಟೆಯಡಿ ಬಚ್ಚಿಡಲಾಗದು. ಗಿಡ್ಡದ್ದು ಹೊಲಕ್ಕಿಂತ ಪೇಟೆಯ ಜಗಳಕ್ಕೆ ಅನುಕೂಲ ಎಂಬ ಅಂಜಿಕೆ ಎಲ್ಲ ಸರ್ಕಾರಗಳಿಗೂ ಇದೆ. ಮನೆಮನೆಯಲ್ಲೂ ಬಂದೂಕಿರುವ ದೇಶವೆಂದು ನಾವು ಹೇಳುವ ಅಮೆರಿಕದಲ್ಲಿ ಕೂಡ 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲನ್ನು 1934ರ ಕಾಯಿದೆಯ ಕೆಳಗೆ ಪ್ರತ್ಯೇಕವಾಗಿ ನೋಂದಾಯಿಸಬೇಕು.

ಇನ್ನು ಕೆಲವರು ಕಮ್ಮಾರನ ಹತ್ತಿರ ಹಳೆಯ ಕೋವಿಯ ನಳಿಗೆಯನ್ನು ಗರಗಸದಿಂದ ಕೊಯ್ಸುತ್ತಾರೆ. ದಯವಿಟ್ಟು ಬೇಡಿ. ಪರವಾನಗಿಯಿಲ್ಲದೆ ನಳಿಗೆ ಕತ್ತರಿಸುವುದನ್ನು ಕಾಯಿದೆಯ 6ನೇ ಪ್ರಕರಣ ನಿಷೇಧಿಸಿದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆಮನೆ. ಕೋವಿಗೆ ಲೈಸೆನ್ಸ್ ಇದೆ ಎಂಬುದು ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಕರಿಮದ್ದು ಪೂರ್ತಿ ಉರಿಯಲು ನಳಿಗೆಯ ಉದ್ದ ಬೇಕು. ಕೊಯ್ಸಿದ ಕೋವಿ ಕೆಲಸಕ್ಕೂ ಕೀಳು.

ಅರ್ಜಿಯನ್ನು ನಮೂನೆ ಎ-1ರಲ್ಲಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕು. ಪೊಲೀಸ್ ಕಮಿಷನರು ಇರುವ ನಗರಗಳಲ್ಲಿ ಅವರಿಗೆ. ವಯಸ್ಸು 21 ತುಂಬಿರಬೇಕು. ಗುರುತಿನ ಮತ್ತು ವಾಸದ ದಾಖಲೆ, ವೈದ್ಯರ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುವ ಮುಚ್ಚಳಿಕೆ ಜೊತೆಗಿರಲಿ. 2016ರ ನಿಯಮಗಳಂತೆ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಬೇಕು. ಠಾಣೆಯಿಂದ ವರದಿ ಬಂದ ಮೇಲೆ ಆದೇಶ. ಆದೇಶ ಕೈಗೆ ಬಂದ ನಂತರವೇ ಪರವಾನಗಿ ಪಡೆದ ವ್ಯಾಪಾರಿಯಿಂದ ಕೊಳ್ಳಬೇಕು, ಮೊದಲೇ ಮುಂಗಡ ಕೊಟ್ಟು ಕೂರಬಾರದು. ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ 3 ವರ್ಷದ ಬದಲು 5 ವರ್ಷವಾಗಿದೆ.

ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಕಾರಣದ ಅಂಕಣದಲ್ಲಿ. 'ಆತ್ಮರಕ್ಷಣೆಗಾಗಿ' ಎಂದು ಒಂದು ಪದ ಬರೆದು ಕೈತೊಳೆದುಕೊಂಡರೆ ಠಾಣೆಯವರು ಬರೆಯುವ ಉತ್ತರವೂ ಒಂದೇ ಪದ: ಬೆದರಿಕೆ ಇಲ್ಲ. ನಿಮ್ಮ ಕಾರಣ ಬೆಳೆ. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಯಾವ ತಿಂಗಳಲ್ಲಿ ಯಾವ ಪ್ರಾಣಿ ಬರುತ್ತದೆ, ಕಾಡಿನಿಂದ ಹೊಲಕ್ಕೆ ಎಷ್ಟು ದೂರ ಎಂಬುದನ್ನು ಬರೆಯಿರಿ. ಪಹಣಿ ಇಡಿ. ಹಿಂದೆ ಬೆಳೆಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಗಳ ಪ್ರತಿ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಪರಿಹಾರದ ಹಣ ಅಲ್ಪವೆಂದು ಅರ್ಜಿ ಹಾಕದೆ ಬಿಡುವವರು ಈ ಲಾಭವನ್ನೂ ಕಳೆದುಕೊಳ್ಳುತ್ತಾರೆ. ಎರಡೆಕರೆಯವನಿಗೆ ಕೋವಿ ಯಾಕೆ ಎಂದು ಯಾರಾದರೂ ಕೇಳಿದರೆ 14ನೇ ಪ್ರಕರಣವನ್ನು ತೋರಿಸಿ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಅದರ ಮೇಲೆ ಮೇಲ್ಮನವಿ ಉಂಟು.

ಒಂದು ತೊಡಕು ಮಾತ್ರ ನಿಜವಾಗಿಯೂ ದೊಡ್ಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೇ ಪ್ರಕರಣದಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಯಾರ ಬೆಳೆಗೆ ಕಾಟ ಹೆಚ್ಚೋ ಅವರ ಕಡತವೇ ಎರಡು ಇಲಾಖೆಗಳ ನಡುವೆ ನಿಲ್ಲುತ್ತದೆ. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಪ್ಪಿಗೆಯೋ ನಿರಾಕರಣೆಯೋ ಗೊತ್ತಾದ ಅವಧಿಯಲ್ಲಿ ಬರಲಿ. ಉತ್ತರ ಬಾರದ ಕಡೆ ರೈತ ಏನು ಮಾಡುತ್ತಾನೆ? ಬೇಲಿಗೆ ನೇರ ವಿದ್ಯುತ್ ಹರಿಸುತ್ತಾನೆ, ಉರುಳು ಹಾಕುತ್ತಾನೆ, ಹಣ್ಣಿನಲ್ಲಿ ಸಿಡಿಮದ್ದು ಇಡುತ್ತಾನೆ. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸತ್ತದ್ದು ಅಂಥ ಸಿಡಿಮದ್ದು ಬಾಯಲ್ಲಿ ಸಿಡಿದು. ವಿದ್ಯುತ್ ತಂತಿಗೆ ಹಂದಿ, ಆನೆ, ನೆರೆಯವನ ಮಗ ಎಂಬ ಭೇದವಿಲ್ಲ. ಲೆಕ್ಕದಲ್ಲಿರುವ, ಹೆಸರಿರುವ, ಠಾಣೆಗೆ ಗೊತ್ತಿರುವ ಕೋವಿ ಇವೆಲ್ಲಕ್ಕಿಂತ ಕಡಿಮೆ ಅಪಾಯದ್ದು ಎಂದು ನಾನು ನಂಬುತ್ತೇನೆ.

ಹಾಗೆಂದು ಪರವಾನಗಿ ಬೇಟೆಯ ಅಪ್ಪಣೆಯಲ್ಲ. ಬೆಳೆ ಕಾಯುವ ಕೋವಿಯ ಮುಖ್ಯ ಕೆಲಸ ಸದ್ದು. ಹಂದಿಯನ್ನು ಕೊಲ್ಲಬೇಕಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಆನೆ, ನವಿಲು ಮೊದಲ ಅನುಸೂಚಿಯವು. ಬೆಳೆ ತಿಂದವೆಂಬ ಕಾರಣಕ್ಕೆ ಅವನ್ನು ಮುಟ್ಟುವಂತೆಯೇ ಇಲ್ಲ.

ಅಟ್ಟದ ಮೇಲೆ ಅಜ್ಜನ ಕೋವಿ ಇರುವವರಿಗೆ ಒಂದು ಮಾತು. ಅಜ್ಜ ತೀರಿಕೊಂಡ ಮೇಲೆ ಅದು ಮನೆಯಲ್ಲಿದ್ದರೆ ಪರವಾನಗಿಯಿಲ್ಲದ ಕೋವಿಯೇ. ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಇಟ್ಟು ವಾರಸುದಾರರಾಗಿ ಅರ್ಜಿ ಹಾಕಿ. ಅಜ್ಜ ಇನ್ನೂ ಇದ್ದು, ಅವರಿಗೆ 70 ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ ಈಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಒಬ್ಬರಿಗೆ ಎರಡೇ ಎಂಬ ಮಿತಿ ಅಜ್ಜನ ಕೋವಿಗೂ ಅನ್ವಯ. ಕೊಡಗಿನ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪ್ರತ್ಯೇಕ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಲಾಗಿದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ ವಿಚಾರ ಉಳಿಯಿತು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಮತದಾನ ನಡೆದದ್ದು ಏಪ್ರಿಲ್-ಮೇ ತಿಂಗಳಲ್ಲಿ. ಹಲಸು ಬಲಿಯುವ, ಬೇಸಿಗೆ ಬೆಳೆ ನಿಂತಿರುವ ಕಾಲ. ಚುನಾವಣಾ ಆಯೋಗದ ಸೂಚನೆಯಂತೆ ಯಾರ ಕೋವಿ ತೆಗೆದುಕೊಳ್ಳಬೇಕು ಎಂಬುದನ್ನು ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರದಾಗಿ ನೋಡಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ತೊಡಗಿದವರು ಮೊದಲು ಬರುತ್ತಾರೆ. ಊರಿಗೆ ಊರೇ ತಂದಿಡಿ ಎಂಬ ಒಂದೇ ಆದೇಶ ಅಧಿಕಾರಿಗೆ ಸುಲಭ, ಬೆಳೆಗಾರನಿಗೆ ದುಬಾರಿ. ಚುನಾವಣೆ ಘೋಷಣೆಯಾದ ಕೂಡಲೇ ಪಹಣಿ, ಪರವಾನಗಿಯ ಪ್ರತಿಗಳೊಂದಿಗೆ ವಿನಾಯಿತಿಯ ಅರ್ಜಿಯನ್ನು ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ; ಕೋವಿ ಒಪ್ಪಿಸಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಠಾಣೆಯಿಂದ ಹೊರಡಬೇಡಿ.