ಗೃಹಸ್ಥರೊಡನೆ ನಾಲ್ಕು ಮಾತು: ಮೋಟಾರುಗಾಡಿಯ ಫ್ಯೂಸುಪೆಟ್ಟಿಗೆ



ನಮ್ಮ ಚಂದಕವಾಡಿಯ ಸುತ್ತುಮುತ್ತ ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಗಳಲ್ಲಿ ಈಗ ಕಾರುಗಳು ನಿಂತಿರುತ್ತವೆ. ಎತ್ತನ್ನು ಸಾಕಿದ ಗೃಹಸ್ಥನು ಅದರ ಮೇವು, ನೀರು, ಲಾಳಗಳನ್ನೆಲ್ಲ ತಾನೇ ವಿಚಾರಿಸಿಕೊಳ್ಳುತ್ತಿದ್ದನು. ಅದೇ ಗೃಹಸ್ಥನನ್ನು ನಿಮ್ಮ ಕಾರಿನ ಫ್ಯೂಸುಪೆಟ್ಟಿಗೆ ಎಲ್ಲಿದೆಯೆಂದು ಕೇಳಿದರೆ, ಮೆಕ್ಯಾನಿಕ್ಕನ ಅಂಗಡಿಯ ಕಡೆಗೆ ಕೈದೋರುತ್ತಾನೆ. ಈ ಅಜ್ಞಾನವು ಅಪಾಯಕರವಾದುದರಿಂದ ಈ ತಿಂಗಳು ಆ ವಿಷಯವನ್ನೇ ವಿವರಿಸಲುದ್ಯುಕ್ತರಾಗಿದ್ದೇವೆ.

ಫ್ಯೂಸು ಎಂಬ ಪದವು ಲ್ಯಾಟಿನ್ ಭಾಷೆಯಲ್ಲಿ ‘ಕರಗಿಸು’ ಎಂಬರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಅದರ ಧರ್ಮವು ಹೆಸರಿನಲ್ಲಿಯೇ ಅಡಗಿದೆ. ತಂತಿಯಲ್ಲಿ ವಿದ್ಯುತ್ಪ್ರವಾಹವು ಹರಿಯುವಾಗ ಶಾಖವು ಹುಟ್ಟುವುದು. ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುವುದು. ಪ್ರವಾಹವು ಮಿತಿಮೀರಿದಾಗ, ತಂತಿಯ ಹೊದಿಕೆಯು ಸುಡುವುದಕ್ಕೆ ಮೊದಲೇ ಫ್ಯೂಸಿನೊಳಗಿನ ತೆಳುವಾದ ಲೋಹದ ಎಳೆಯು ಕರಗಿ ಮಾರ್ಗವನ್ನು ಕಡಿದುಹಾಕುವುದು. ತಾನು ಅಳಿದು ಒಡೆಯನನ್ನು ಉಳಿಸುವ ಸೇವಕನಿದು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದುದು 1902ರಲ್ಲಿ. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದುವು. ಅಂದಿನಿಂದ ನಮ್ಮ ಜನರು ಮನೆಯ ವಿದ್ಯುತ್ತಿಗೆ ಹೆದರುವುದನ್ನು ಕಲಿತಿದ್ದಾರೆ. ಆದರೆ ಕಾರಿನ ಬ್ಯಾಟರಿಯು ಕೇವಲ 12 ವೋಲ್ಟಿನದು, ಮುಟ್ಟಿದರೂ ಹೊಡೆಯುವುದಿಲ್ಲವೆಂದು ಅದನ್ನು ಹಗುರವಾಗಿ ಕಾಣುತ್ತಾರೆ. ಮೈಗೆ ಹೊಡೆಯದಿದ್ದರೇನು? ತಂತಿಯು ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಅದೇ ಬ್ಯಾಟರಿಯು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಪ್ರವಾಹವನ್ನು ಹರಿಯಿಸಬಲ್ಲದು. ಬೆಂಕಿ ಹತ್ತುವುದಕ್ಕೆ ಅಷ್ಟು ಸಾಲದೇ?

ಸಾಮಾನ್ಯವಾಗಿ ಒಂದು ಪೆಟ್ಟಿಗೆಯು ಬಾನೆಟ್ಟಿನ ಕೆಳಗೆ ಬ್ಯಾಟರಿಯ ಬಳಿಯಲ್ಲಿಯೂ, ಮತ್ತೊಂದು ಡ್ಯಾಶ್‌ಬೋರ್ಡಿನ ಕೆಳಗೂ ಇರುವುವು. ಯಾವ ಫ್ಯೂಸು ಯಾವ ಕೆಲಸಕ್ಕೆಂಬ ನಕ್ಷೆಯು ಮುಚ್ಚಳದಲ್ಲಿಯೋ ಗಾಡಿಯೊಡನೆ ಬಂದ ಪುಸ್ತಕದಲ್ಲಿಯೋ ಇರುವುದು. ಹಳೆಯ ಅಂಬಾಸಡರ್ ಗಾಡಿಗಳಲ್ಲಿದ್ದುವು ಗಾಜಿನ ಕೊಳವೆಯ ಫ್ಯೂಸುಗಳು. ಈಗಿನವು ಎರಡು ಚಪ್ಪಟೆ ಕಾಲುಗಳುಳ್ಳ ಬಣ್ಣದ ತುಂಡುಗಳು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸುರು 30. ಈ ಸಂಖ್ಯೆಗಳು ಮನಬಂದಂತೆ ಗೊತ್ತುಮಾಡಿದುವಲ್ಲ. 55 ವಾಟಿನ ಒಂದು ಹೆಡ್‌ಲೈಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಆಂಪಿಯರ್ ಆಗುವುದು. ಅದಕ್ಕೆ 10ರ ಫ್ಯೂಸು ಧಾರಾಳವಾಗಿ ಸಾಕು. ಆ ತಂತಿಯ ದಪ್ಪವನ್ನೂ ಅದಕ್ಕೆ ತಕ್ಕಂತೆಯೇ ಇಟ್ಟಿರುತ್ತಾರೆ.

ನಮ್ಮ ಊರಿನ ಅರಿಸಿನದ ಬೆಳೆಗಾರರೊಬ್ಬರ ಕಾರಿನಲ್ಲಿ ಹಾರನ್ನಿನ ಫ್ಯೂಸು ವಾರಕ್ಕೆರಡು ಬಾರಿ ಹೋಗುತ್ತಿದ್ದಿತು. ಯಾರೋ ಒಬ್ಬರು 15ರ ಸ್ಥಾನದಲ್ಲಿ 30ನ್ನು ಇಟ್ಟು, “ಇನ್ನು ಚಿಂತೆಯಿಲ್ಲ ಸ್ವಾಮಿ” ಎಂದರಂತೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಫ್ಯೂಸು ಹೋದುದು ಕಾರ್ಯ; ಕಾರಣವು ಬೇರೆಲ್ಲಿಯೋ ಇದೆ. ನಮ್ಮ ಮಾತಿನಂತೆ ಅವರು ಬಾನೆಟ್ಟನ್ನು ತೆರೆಸಿ ಹುಡುಕಿಸಿದಾಗ, ಇಲಿಯು ಕಡಿದ ತಂತಿಯೊಂದು ಗಾಡಿಯ ಮೈಗೆ ತಗುಲಿದುದು ಕಂಡುಬಂದಿತು. 30ರ ಫ್ಯೂಸು ಕರಗುವ ವೇಳೆಗೆ ಆ ತಂತಿಯೇ ಕೆಂಡವಾಗುತ್ತಿದ್ದಿತು. ಸಿಗರೇಟಿನ ಪೊಟ್ಟಣದ ಬೆಳ್ಳಿಕಾಗದವನ್ನೋ ತಾಮ್ರದ ತಂತಿಯನ್ನೋ ಸುತ್ತಿಡುವವರು ಇದಕ್ಕಿಂತಲೂ ದೊಡ್ಡ ಸಾಹಸಿಗಳು!

ಆದುದರಿಂದ ಗೃಹಸ್ಥರು ಅನುಸರಿಸತಕ್ಕ ಕ್ರಮವಿದು. ಕೀಲಿಯನ್ನು ತಿರುಗಿಸಿ ಗಾಡಿಯನ್ನು ನಿಲ್ಲಿಸಿದ ಹೊರತು ಫ್ಯೂಸನ್ನು ಮುಟ್ಟಕೂಡದು. ಪೆಟ್ಟಿಗೆಯಲ್ಲಿರುವ ಚಿಕ್ಕ ಚಿಮಟದಿಂದ ಅದನ್ನು ನೇರವಾಗಿ ಎಳೆದು ಬೆಳಕಿಗೆ ಹಿಡಿಯಬೇಕು. ನಡುವಣ ಎಳೆಯು ತುಂಡಾಗಿದ್ದರೆ ಅದು ಹೋದುದೆಂದು ತಿಳಿಯುವುದು. ಅದೇ ಸಂಖ್ಯೆಯದನ್ನೇ ಹಾಕಬೇಕು. ಹೊಸದೂ ಕೂಡಲೇ ಹೋದರೆ ಮೂರನೆಯದನ್ನು ಹಾಕದೆ ಬಲ್ಲವರಿಗೆ ತೋರಿಸಬೇಕು. ಏರ್‌ಬ್ಯಾಗಿಗೆ ಸಂಬಂಧಪಟ್ಟ ಫ್ಯೂಸಿನ ಗೊಡವೆಗೆ ಹೋಗಲೇಬಾರದು. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿರಬೇಕು. ತೊಳೆಯುವಾಗ ಪೆಟ್ಟಿಗೆಯ ಮೇಲೆ ರಭಸದ ನೀರನ್ನು ಬಿಡಬಾರದು. ಮಳೆಗಾಲ ಕಳೆದ ಮೇಲೊಮ್ಮೆ ತೆರೆದು, ಹಸುರು ಕಿಲುಬಾಗಲಿ ಕರಕಲ ಗುರುತಾಗಲಿ ಇಲಿಯ ಹಿಕ್ಕೆಯಾಗಲಿ ಇದೆಯೇ ಎಂದು ನೋಡಬೇಕು. ಪ್ರತಿಯೊಂದು ಸಂಖ್ಯೆಯ ಎರಡೆರಡು ಫ್ಯೂಸುಗಳು ಗಾಡಿಯಲ್ಲಿ ಸದಾ ಇರಲಿ.

ಅರಿಸಿನದ ವ್ಯಾಪಾರಕ್ಕಾಗಿ ಈರೋಡಿಗೆ ಹೋಗಿಬರುವ ನಮ್ಮವರು ದಿಂಬಂ ಘಟ್ಟದ 27 ತಿರುವುಗಳನ್ನು ಬಲ್ಲರು. ಒಂದು ಪಕ್ಕ ಕಮರಿ, ಸುತ್ತಲೂ ಆನೆಗಳ ಕಾಡು. ಅಂತಹ ಸ್ಥಳದಲ್ಲಿ ಮುಸ್ಸಂಜೆಯ ಮಳೆಯಲ್ಲಿ ವೈಪರು ನಿಂತುಹೋದರೆ, ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳ ಕ್ಷೇಮವು ಒಂದು ಚೂರು ಲೋಹದ ಮೇಲೆ ನಿಂತಿರುವುದು. ಬೇರೆ ಫ್ಯೂಸು ಇಲ್ಲದಿದ್ದರೆ, ರೇಡಿಯೋವಿನ ಫ್ಯೂಸು ಅದೇ ಸಂಖ್ಯೆಯದಾಗಿದ್ದ ಪಕ್ಷದಲ್ಲಿ ಅದನ್ನು ತೆಗೆದು ವೈಪರಿಗೆ ಹಾಕಬಹುದು. ಹಾಡಿಲ್ಲದೆ ಘಟ್ಟವನ್ನಿಳಿಯಬಹುದು, ಕಣ್ಣಿಲ್ಲದೆ ಇಳಿಯಲಾಗದು. ಆದರೆ ಇದನ್ನು ಮಾಡುವುದಕ್ಕೆ ಪೆಟ್ಟಿಗೆಯ ಪರಿಚಯವು ಮೊದಲೇ ಇರಬೇಕಷ್ಟೆ.

ಅಡಕೆಯಷ್ಟು ಬೆಲೆಯ ವಸ್ತುವನ್ನು ಅಲಕ್ಷಿಸಿ ಆನೆಯಷ್ಟು ಬೆಲೆಯ ಗಾಡಿಯನ್ನು ಸುಟ್ಟುಕೊಳ್ಳುವುದು ವಿವೇಕವಲ್ಲ. ಗಾಡಿಯೊಳಗೆ ಕುಳಿತವರಿಗಂತೂ ಬೆಲೆಯೇ ಇಲ್ಲ. ಬರುವ ಭಾನುವಾರ ಮನೆಯ ಯಜಮಾನರು ಪೆಟ್ಟಿಗೆಯನ್ನು ತೆರೆದು, ಗಾಡಿ ನಡೆಯಿಸುವ ಮಗನಿಗೂ ಸೊಸೆಗೂ ಮಗಳಿಗೂ ತೋರಿಸಲಿ. ಅರ್ಧ ಗಳಿಗೆಯ ಪಾಠವಿದು. ಬಲ್ಲವರು ಒಬ್ಬರಿಗಿಂತ ನಾಲ್ವರಿರುವುದು ಮನೆಗೆ ಲೇಸು.