ಊರು ಮುಳುಗಿತಾ, ಮುಳುಗಿಸಿದರಾ?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಹಾಸ್ಟೆಲ್‌ನಲ್ಲಿ ಓದೋ ನಮ್ಮ ಮಕ್ಕಳಿಗೂ ಓದಿಸಿ.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ಮಜವಾಗಿವೆ. ಮುಂದೆ ಕರ್ಮಪದ ಇಲ್ಲದಿದ್ದರೆ ಒಂದು ಅರ್ಥ, ಬಂದರೆ ಇನ್ನೊಂದು. 'ಹಿ ರನ್ಸ್' ಅಂದರೆ ಅವನು ಓಡ್ತಾನೆ. 'ಹಿ ರನ್ಸ್ ಎ ಹೋಟೆಲ್' ಅಂದರೆ ಹೋಟೆಲ್ ನಡೆಸ್ತಾನೆ. ಇದು ಪರೀಕ್ಷೆಗೆ ಸಾಕು. ಆದರೆ 'ಸ್ಟಾರ್ವ್' ಅನ್ನೋ ಪದ ನೋಡಿ. 'ದೇ ಸ್ಟಾರ್ವ್ಡ್' ಅಂದರೆ ಅವರು ಹಸಿದು ಸೊರಗಿದರು. 'ದೇ ಸ್ಟಾರ್ವ್ಡ್ ಹಿಮ್' ಅಂದರೆ ಅವನಿಗೆ ಅನ್ನ ಕೊಡದೆ ಸೊರಗಿಸಿದರು. ಕ್ರಿಯಾಪದ ಒಂದೇ. ಮೊದಲನೆಯದರಲ್ಲಿ 'ದೇ' ಹಸಿದವರು, ಎರಡನೆಯದರಲ್ಲಿ 'ದೇ' ಅನ್ನ ಕಿತ್ತುಕೊಂಡವರು. ಒಂದು ಪದ ಮುಂದೆ ಬಂದು ಕೂತಿದ್ದಕ್ಕೆ ಸಂಕಟಪಟ್ಟವನ ಜಾಗದಲ್ಲಿ ಸಂಕಟ ಕೊಟ್ಟವನು ಬಂದ.

ಕನ್ನಡದಲ್ಲಿ ಈ ವ್ಯತ್ಯಾಸ ಹೆಚ್ಚಿನ ಕಡೆ ಕ್ರಿಯಾಪದದಲ್ಲೇ ಕಾಣುತ್ತೆ. ಮುಳುಗು, ಮುಳುಗಿಸು. ಇಳಿ, ಇಳಿಸು. ಓಡು, ಓಡಿಸು. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿರಬಹುದು: 'ಏನನ್ನು, ಯಾರನ್ನು' ಅಂತ ಕೇಳಿ, ಉತ್ತರ ಬಂದರೆ ಸಕರ್ಮಕ, ಇಲ್ಲದಿದ್ದರೆ ಅಕರ್ಮಕ. ಎರಡು ಅಂಕದ ಪ್ರಶ್ನೆ ಅಂತ ಬಿಟ್ಟುಬಿಟ್ವಿ. ನನ್ನ ಪ್ರಕಾರ ನಮ್ಮ ಜನ ಕಲಿಯಲೇಬೇಕಾದ ವ್ಯಾಕರಣ ಇದು.

ನಮ್ಮ ಕಡೆಯದ್ದೇ ಉದಾಹರಣೆ ತಗೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು. ಸಾಗರ, ಹೊಸನಗರ ತಾಲ್ಲೂಕಿನ ಊರುಗಳ ಬಗ್ಗೆ ಇವತ್ತಿಗೂ ಎಲ್ಲರೂ ಹೇಳೋದು ಹೇಗೆ? 'ಊರು ಮುಳುಗಿತು', 'ಜನ ಎದ್ದು ಹೋದರು'. ಊರು ತಾನಾಗಿ ನೀರಿಗೆ ಇಳಿದ ಹಾಗೆ, ಜನ ಮದುವೆ ಮನೆಯಿಂದ ಎದ್ದು ಹೋದ ಹಾಗೆ! ಊರನ್ನು ಮುಳುಗಿಸಿದರು, ಜನರನ್ನು ಎಬ್ಬಿಸಿದರು ಅನ್ನಿ. ತಕ್ಷಣ ಪ್ರಶ್ನೆ ಹುಟ್ಟುತ್ತೆ: ಯಾರು? ಯಾರ ಕರೆಂಟಿಗೆ? ಎಬ್ಬಿಸಿದವರನ್ನ ಎಲ್ಲಿ ಕೂರಿಸಿದರು? ಪಹಣಿಯಲ್ಲಿ ಹೆಸರಿದ್ದವರಿಗೇ ಪರಿಹಾರ, ಬದಲಿ ಜಮೀನು ಅಂತ ಅಲೆದಾಟ. ಇನ್ನು ಇನ್ನೊಬ್ಬರ ತೋಟ ಗದ್ದೆಯಲ್ಲಿ ದುಡಿದು, ತನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲದವನು ಯಾವ ಕಾಗದ ತೋರಿಸಬೇಕಿತ್ತು? 'ಮುಳುಗಿತು' ಅಂದರೆ ಈ ಪ್ರಶ್ನೆಗಳೂ ಜೊತೆಗೇ ಮುಳುಗ್ತವೆ.

ಚಂದ್ರಗುತ್ತಿ ನೆನಪು ಮಾಡ್ಕೊಳ್ಳಿ. ಹೆಣ್ಣುಮಕ್ಕಳು ಭಕ್ತಿಯಿಂದ ತಾವೇ ಬೆತ್ತಲಾಗ್ತಾರೆ ಅನ್ನೋದು ಬೆತ್ತಲೆ ಸೇವೆಯ ಪರ ಇದ್ದವರ ವಾದ. ಇಲ್ಲ, ದೇವರ ಹೆಸರಲ್ಲಿ, ಜಾತಿಯ ಹೆಸರಲ್ಲಿ ನೀವು ಬೆತ್ತಲೆ ಮಾಡಿಸ್ತಿದ್ದೀರಿ ಅನ್ನೋದು ದಲಿತ ಸಂಘರ್ಷ ಸಮಿತಿಯ ವಾದ. ಜಗಳ ಇದ್ದದ್ದೇ 'ಆಗು' ಮತ್ತು 'ಮಾಡಿಸು' ನಡುವೆ. 1986ರ ಮಾರ್ಚ್‌ನಲ್ಲಿ ತಡೆಯೋಕೆ ಹೋದ ಕಾರ್ಯಕರ್ತರನ್ನ, ಪೊಲೀಸರನ್ನ ಆ ಗುಂಪು ಹೊಡೆದು ಬೆತ್ತಲೆ ಮೆರವಣಿಗೆ ಮಾಡಿತು. ಯಾವ ಕ್ರಿಯಾಪದ ಸರಿ ಅಂತ ಅವತ್ತು ನಾಡಿಗೇ ಗೊತ್ತಾಯ್ತು.

ಈಗಿನ ಸುದ್ದಿ ಓದಿ. 'ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರ ಸಾವು'. ಸ್ವಾಮಿ, ಇಳಿದರಾ, ಇಳಿಸಿದರಾ? 2013ರ ಕಾಯ್ದೆ ಬಹಳ ಸ್ಪಷ್ಟ. ಸುರಕ್ಷತೆ ಇಲ್ಲದೆ ಮನುಷ್ಯರನ್ನ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವವನೇ ಅಪರಾಧಿ, ಇಳಿದವನಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕಾನೂನು 'ಇಳಿಸಿದ' ಅನ್ನುತ್ತೆ, ಪೇಪರು 'ಇಳಿದ' ಅನ್ನುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಲಾಗಿದೆ ಅನ್ನುತ್ತೆ. ಅದು ದೊಡ್ಡ ಮಾತು, ಬಾಬಾಸಾಹೇಬರ ಬದುಕಿನ ಹೋರಾಟವೇ ಅದರ ಹಿಂದಿದೆ. ಆದರೆ ಯಾರು ಯಾರಿಗೆ ಆಚರಿಸ್ತಿದ್ದರು ಅನ್ನೋದು ಆ ವಾಕ್ಯದಲ್ಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಅದನ್ನ ಬಿಡಿಸಿ ಹೇಳಿತು: ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಯಾವನೇ ಆಗಲಿ, ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಇಂಥಿಂಥದ್ದು ಮಾಡಿದರೆ ಶಿಕ್ಷೆ. ಕರ್ತೃವೂ ಇದೆ, ಕರ್ಮವೂ ಇದೆ.

ನಮ್ಮವರ ದೂರು ಹೇಗಿರುತ್ತೆ ಗೊತ್ತಲ್ಲ? 'ಮಾತಿಗೆ ಮಾತು ಬೆಳೆದು ಗಲಾಟೆ ಆಯ್ತು, ಪೆಟ್ಟಾಯ್ತು.' ಹೊಡೆದವನೂ ಇಲ್ಲ, ಬೈದವನೂ ಇಲ್ಲ! ಎಷ್ಟೋ ಸಲ ನಾವು ಬಾಯಲ್ಲಿ ಸರಿಯಾಗೇ ಹೇಳಿರ್ತೀವಿ, ಬರೆಯೋ ಕೈಯಲ್ಲಿ 'ಹೊಡೆದರು' ಅನ್ನೋದು 'ಗಲಾಟೆ ಆಯ್ತು' ಆಗಿರುತ್ತೆ. ಅದಕ್ಕೇ ಈ ಕಾಯ್ದೆಯ 4ನೇ ಕಲಂ ನೆನಪಿಡಿ. ಬಾಯಲ್ಲಿ ಕೊಟ್ಟ ದೂರನ್ನ ಬರೆದುಕೊಂಡ ಮೇಲೆ ಸಹಿ ಹಾಕಿಸೋ ಮೊದಲು ನಿಮಗೆ ಓದಿ ಹೇಳೋದು ಠಾಣಾಧಿಕಾರಿಯ ಕರ್ತವ್ಯ. ಪ್ರತಿ ಕೊಡೋದೂ ಕರ್ತವ್ಯ. ಓದುವಾಗ ಪ್ರತಿ ವಾಕ್ಯಕ್ಕೂ ಕೇಳಿ: ಯಾರು? ಯಾರನ್ನು? ಜಾತಿ ಹಿಡಿದು ಬೈದಿದ್ದರೆ ಯಾವ ಮಾತಿಂದ, ಯಾವ ಜಾಗದಲ್ಲಿ, ಯಾರೆದುರಿಗೆ? ಇಲ್ಲದಿದ್ದರೆ 'ಸಾರ್, ಸರಿಯಾಗಿ ಬರೀರಿ' ಅನ್ನಿ. ಆಮೇಲೆ ಸಹಿ.

ಇದೆಲ್ಲ ಮಾತಿನ ಆಟ, ಸುಮ್ಮನೆ ಊರಲ್ಲಿ ಮನಸ್ತಾಪ ಯಾಕೆ ಅನ್ನೋರು ಇದ್ದಾರೆ. ನಮ್ಮ ಮನೆ ಮಕ್ಕಳೇ ಪೆಟ್ಟು ತಿಂದು ಬಂದಾಗ ಇದೇ ಹಿರಿಯರು ಮೊದಲು ಕೇಳೋದು 'ಯಾರು ಹೊಡೆದದ್ದು?' ಅಂತಲೇ. ಕೇರಿಯ ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ 'ಏನೋ ಆಯ್ತು ಮಾರಾಯ್ರೆ, ಬಿಡಿ'.

ಕೊನೆಗೊಂದು. 'ದಲಿತ' ಅಂದರೆ ತುಳಿತಕ್ಕೆ ಒಳಗಾದವನು ಅಂತಾರೆ. ಆ ಹೆಸರನ್ನ ನಾವು ಅಭಿಮಾನದಿಂದ ಇಟ್ಟುಕೊಂಡಿದ್ದೀವಿ, ಯಾಕಂದರೆ ಅದು ಕೇಳಿದವರ ಮುಂದೆ ಒಂದು ಪ್ರಶ್ನೆ ಇಡುತ್ತೆ: ತುಳಿದವರು ಯಾರು? ಮಕ್ಕಳೇ, ಇಂಗ್ಲಿಷ್ ಚೆನ್ನಾಗಿ ಕಲೀರಿ, ಕನ್ನಡವನ್ನೂ ಚೆನ್ನಾಗಿ ಬರೀರಿ. ಯಾವ ಭಾಷೆಯಲ್ಲೇ ಬರೀರಿ, ಮಾಡಿದವರ ಹೆಸರು ಬಿಡಬೇಡಿ.

ಜೈಭೀಮ್.